ಬಾಡಿಗೆ ಮನೆಯ ಹಾಲ್, ಕೈಯಲ್ಲಿ 40,000 ರೂಪಾಯಿ: ಏನು ಕೊಳ್ಳಬೇಕು, ಏನು ಬಿಡಬೇಕು?

ಹಾವೇರಿ ಸೊಸೆ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾವು ಹಾವೇರಿಯಿಂದ ಬೆಂಗಳೂರಿನ ವಿಜಯನಗರಕ್ಕೆ ಬಂದಿದ್ದೇವೆ. ಎರಡನೆಯ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಅಡ್ವಾನ್ಸ್, ಲಾರಿ ಬಾಡಿಗೆ, ಮಗನ ಶಾಲೆಯ ಶುಲ್ಕ ಎಲ್ಲವನ್ನೂ ಕಟ್ಟಿದ ಮೇಲೆ ಹಾಲ್‌ಗೆಂದು ಉಳಿದಿರುವುದು 40,000 ರೂಪಾಯಿ.

ಹಾಲ್ 14 ಅಡಿ ಉದ್ದ, 10 ಅಡಿ ಅಗಲವಿದೆ. ಪೂರ್ವದ ಗೋಡೆಯ ಮೂಲೆಯಲ್ಲಿ ಮುಂಬಾಗಿಲು, ಎದುರಿನ ಪಶ್ಚಿಮದ ಗೋಡೆಯಲ್ಲಿ 4 ಅಡಿ ಅಗಲ, 4 ಅಡಿ ಎತ್ತರದ ಒಂದೇ ಕಿಟಕಿ. ಅಡುಗೆಮನೆ ಮತ್ತು ಮಲಗುವ ಕೋಣೆಯ ಬಾಗಿಲುಗಳೆರಡೂ ದಕ್ಷಿಣದ ಉದ್ದ ಗೋಡೆಯಲ್ಲಿವೆ. ಉತ್ತರದ ಗೋಡೆ ಪೂರ್ತಿ ಖಾಲಿ. ಸಂಜೆ ಬಿಸಿಲು ನೇರವಾಗಿ ಒಳಗೆ ಬರುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದು ಮಾಲೀಕರು ಮೊದಲೇ ಹೇಳಿದ್ದಾರೆ. ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಹೇಗೂ ಇದ್ದೇ ಇದೆ.

ಮನೆಯಲ್ಲಿ ನಾವಿಬ್ಬರು, ನಾಲ್ಕು ವರ್ಷದ ಮಗ ಮತ್ತು ನಮ್ಮ ಅತ್ತೆ. ಅತ್ತೆಯವರಿಗೆ ಮಂಡಿನೋವಿರುವುದರಿಂದ ನೆಲದ ಮೇಲೆ ಕೂರಲಾಗುವುದಿಲ್ಲ. ಸದ್ಯ ಊರಿನಿಂದ ತಂದ ಎರಡು ಪ್ಲಾಸ್ಟಿಕ್ ಕುರ್ಚಿಗಳೇ ನಮ್ಮ ಹಾಲ್‌ನ ಐಶ್ವರ್ಯ. ಮನೆಯವರು ಒಂದು ಎಲ್ ಆಕಾರದ ಸೋಫಾ ನೋಡಿ ಬಂದಿದ್ದಾರೆ. ಬೆಲೆ 58,000, ಕಂತಿನಲ್ಲಿ ಕೊಡುತ್ತಾರಂತೆ. ಅದನ್ನು ಕೊಂಡರೆ ಪರದೆಗೂ ದುಡ್ಡು ಉಳಿಯುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಅಳತೆ ಟೇಪು

ತಾಯಿ, ನಾನು ಮೈಸೂರಿನವನು, ಕಟ್ಟಡದ ಕೆಲಸ ಮಾಡಿಸಿ ನಿವೃತ್ತನಾದವನು. ಅಂಗಡಿಗೆ ಹೋಗುವ ಮುನ್ನ ಒಂದು ಭಾನುವಾರವನ್ನು ಅಳತೆಗೆ ಕೊಡಿ. ಮನೆಯಲ್ಲಿರುವ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಆ ಸೋಫಾದ ಆಕಾರವನ್ನು ನೆಲದ ಮೇಲೆ ಹಾಸಿ, ಎರಡು ದಿನ ಹಾಗೆಯೇ ಬಿಟ್ಟು ಅದರ ಸುತ್ತ ಓಡಾಡಿ ನೋಡಿ. ಶೋರೂಮಿನ ಚಾವಣಿ ಎತ್ತರ, ಜಾಗ ವಿಶಾಲ. ಅಲ್ಲಿ ಯಾವ ಸೋಫಾ ಆದರೂ ಚಿಕ್ಕದಾಗಿಯೇ ಕಾಣುತ್ತದೆ.

ನಿಮ್ಮ ಹಾಲ್‌ನ ಒಟ್ಟು ನೆಲ 140 ಚದರ ಅಡಿ. ಎಲ್ ಸೋಫಾಗಳು ಸಾಮಾನ್ಯವಾಗಿ ಒಂದು ಕಡೆ ಎಂಟೂವರೆ ಅಡಿ, ಇನ್ನೊಂದು ಕಡೆ ಐದೂವರೆ ಅಡಿ ಇದ್ದು, 3 ಅಡಿ ಆಳ ಇರುತ್ತವೆ. ಅಂದರೆ 33 ಚದರ ಅಡಿ ಅದಕ್ಕೇ ಹೋಯಿತು. ಮುಂಬಾಗಿಲಿನಿಂದ ಅಡುಗೆಮನೆ, ಮಲಗುವ ಕೋಣೆಗೆ ಹೋಗುವ ದಾರಿ ದಕ್ಷಿಣದ ಗೋಡೆಯುದ್ದಕ್ಕೂ 3 ಅಡಿ ಅಗಲ ಬೇಕು. ಅದು 42 ಚದರ ಅಡಿ, ಅಲ್ಲಿ ಏನನ್ನೂ ಇಡುವಂತಿಲ್ಲ. ಟೀಪಾಯಿ, ಟಿವಿಯ ಮೇಜು, ಚಪ್ಪಲಿ ಗೂಡು ಎಲ್ಲವನ್ನೂ ಕಳೆದರೆ ಮಗುವಿಗೆ ಆಡಲು ಉಳಿಯುವುದು ಅಲ್ಲೊಂದು ಇಲ್ಲೊಂದು ತುಂಡು ಜಾಗ. ಅದರ ಬದಲು ಆರು ಅಡಿ ಉದ್ದ, ಎರಡೂವರೆ ಅಡಿ ಆಳದ ನೇರ ಸೋಫಾವನ್ನು ಉತ್ತರದ ಗೋಡೆಗೆ ಒತ್ತಿ ಇಟ್ಟರೆ 15 ಚದರ ಅಡಿಯಲ್ಲಿ ಮುಗಿಯುತ್ತದೆ. ಮೇಲಾಗಿ ಎಲ್ ಸೋಫಾದ ಮಡಿಕೆ ನಿಮ್ಮ ಒಂದೇ ಕಿಟಕಿಯ ಕೆಳಗೆ ಬಂದು ಕೂರುತ್ತದೆ. ಕಿಟಕಿ ತೆಗೆಯಬೇಕೆಂದರೆ ಪ್ರತಿ ಸಲವೂ ಸೋಫಾದ ಮೇಲೆ ಮಂಡಿಯೂರಬೇಕು.

ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ನಾನು ಅಳೆಯಲಿಲ್ಲ. ವೃತ್ತಿಯುದ್ದಕ್ಕೂ ಬೇರೆಯವರ ಮನೆಯ ಮೆಟ್ಟಿಲು ಅಳೆದವನು ನನ್ನ ಮಗಳ ಮನೆಗೆ ಸೋಫಾ ಕಳಿಸುವಾಗ ಮಾತ್ರ ಮರೆತೆ. ಅದು ಒಂದನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ, ಕೊನೆಗೆ ನಾಲ್ಕು ಜನ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡರು. ಅಳಿಯಂದಿರು ಇಂದಿಗೂ ಅದನ್ನು ನೆನಪಿಸುತ್ತಾರೆ.

ಅತ್ತೆಯವರ ವಿಷಯಕ್ಕೆ ಒಂದು ಮಾತು. ಈಗಿನ ಮೆತ್ತನೆಯ ಸೋಫಾಗಳ ಕೂರುವ ಮಟ್ಟ ನೆಲದಿಂದ 15–16 ಇಂಚು ಮಾತ್ರ ಇದ್ದು, ಕೂತ ಮೇಲೆ ಇನ್ನೂ ಕುಸಿಯುತ್ತದೆ. ಮಂಡಿನೋವಿನವರಿಗೆ 18–19 ಇಂಚು ಬೇಕು, ಎರಡೂ ಕಡೆ ಊರಿ ಏಳಲು ಗಟ್ಟಿ ಕೈಗಳೂ ಬೇಕು. ಅವರು ಯಾವ ಕುರ್ಚಿಯಿಂದ ಸುಲಭವಾಗಿ ಏಳುತ್ತಾರೋ ಅದರ ಎತ್ತರವನ್ನು ಅವರು ಕೂತಿರುವಾಗಲೇ ಅಳೆದು ಬರೆದುಕೊಳ್ಳಿ.

ಮೂರನೇ ಮಹಡಿ

ಕಂತಿನ ಬಗ್ಗೆ ಎರಡು ಸಾಲು. ಶೂನ್ಯ ಬಡ್ಡಿ ಎಂದು ಬರೆದಿದ್ದರೂ ಪ್ರೊಸೆಸಿಂಗ್ ಶುಲ್ಕ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು, ಪೂರ್ತಿ ಹಣವನ್ನು ಒಮ್ಮೆಗೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೂರನೆಯದಕ್ಕೆ ಸಿಗುವ ಉತ್ತರವೇ ಬಡ್ಡಿ.

ಉಳಿ ಬಾಚಿ

ನಾನು ಪುತ್ತೂರಿನ ಕಡೆಯವನು, ಮರಗೆಲಸವೇ ಕಸುಬು. ಹೊಸ ಸಾಮಾನು ಮಾಡಿಕೊಡುವುದೇ ನನ್ನ ಹೊಟ್ಟೆಪಾಡಾದರೂ ನಿಮ್ಮ ಲೆಕ್ಕಕ್ಕೆ ಹಳೆಯ ಗಟ್ಟಿಮರದ ಸೋಫಾವನ್ನೇ ಹುಡುಕಿ ಎನ್ನುತ್ತೇನೆ. ಮೂವತ್ತು ನಲವತ್ತು ವರ್ಷದ ಹಿಂದೆ ಮಧ್ಯಮ ವರ್ಗದ ಮನೆಗಳಲ್ಲಿ ಹೊನ್ನೆ, ಸಾಗುವಾನಿ, ಕೆಲವು ಕಡೆ ಬೀಟೆಯಲ್ಲೇ ಸೋಫಾ ಮಾಡಿಸುತ್ತಿದ್ದರು. ಅಂತಹ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಮಕ್ಕಳಿಗೆ ಆ ಸಾಮಾನು ಭಾರ. ಹೊಸದಾಗಿ ಆ ಮರದಲ್ಲಿ ಮಾಡಿಸಲು ಹೋದರೆ ಮರದ ಬೆಲೆಯೇ ನಿಮ್ಮ 40,000 ಅನ್ನು ನುಂಗುತ್ತದೆ.

ನೋಡುವ ಕ್ರಮ ಹೇಳುತ್ತೇನೆ. ಎದುರಿನಿಂದ ನೋಡಬೇಡಿ, ಎದುರಿಗೆ ಎಲ್ಲರೂ ಪಾಲಿಶ್ ಹೊಡೆದಿರುತ್ತಾರೆ. ತಲೆಕೆಳಗೆ ಮಾಡಿಸಿ ತಳ ನೋಡಿ. ಅಲ್ಲಿ ಬಣ್ಣವಿರುವುದಿಲ್ಲವಾದ್ದರಿಂದ ಮರದ ನಿಜವಾದ ಎಳೆ ಕಾಣುತ್ತದೆ. ಕಾಲು ಮತ್ತು ಅಡ್ಡಪಟ್ಟಿ ಸೇರುವ ಕಡೆ ಒಂದು ಮರದ ನಾಲಿಗೆ ಇನ್ನೊಂದರ ತೂತಿನೊಳಗೆ ಕೂತಿದ್ದರೆ ಅದು ಕೆಲಸ ಬಲ್ಲವನು ಮಾಡಿದ್ದು. ಕೂಡು ಸಡಿಲವಾಗಿದ್ದರೂ ಬಿಚ್ಚಿ ಅಂಟು ಹಾಕಿ ಬಿಗಿದರೆ ಮತ್ತೆ ಹಲವು ವರ್ಷ ಬರುತ್ತದೆ. ಬರೀ ಮೊಳೆ ಹೊಡೆದು ನಿಲ್ಲಿಸಿದ್ದರೆ ಬಿಟ್ಟುಬಿಡಿ. ಗುಂಡುಸೂಜಿಯ ತಲೆಯಷ್ಟು ತೂತುಗಳು, ಕೆಳಗೆ ಹಿಟ್ಟಿನಂತಹ ನಯವಾದ ಪುಡಿ ಕಂಡರೆ ಕುಟ್ಟೆ ಹಿಡಿದಿದೆ ಎಂದರ್ಥ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಬೆರಳ ಗೆಣ್ಣಿನಿಂದ ತಟ್ಟಿದಾಗ ಒಂದು ಕಡೆ ಟಣ್ ಎಂದು, ಇನ್ನೊಂದು ಕಡೆ ಡಬ್ ಎಂದು ಕೇಳಿದರೆ ಡಬ್ ಎಂದ ಕಡೆ ಒಳಗೆ ಟೊಳ್ಳಾಗಿದೆ. ಎತ್ತರ ಸಾಲದಿದ್ದರೆ ಚಿಂತೆ ಬೇಡ; ಕಾಲಿನ ಕೆಳಗೆ ಎರಡಿಂಚಿನ ಮರದ ಗುಟ್ಟಗಳನ್ನು ಅಂಟು ಮತ್ತು ಸ್ಕ್ರೂ ಹಾಕಿ ಕೂರಿಸುವುದು ಅರ್ಧ ಗಂಟೆಯ ಕೆಲಸ.

ಕುಶನ್ನಿನ ಫೋಮ್ ಕೊಳ್ಳುವಾಗ ಮೋಸ ಹೆಚ್ಚು. "40 ಡೆನ್ಸಿಟಿ" ಎಂದರೆ ಒಂದು ಘನಮೀಟರ್ ಫೋಮ್ 40 ಕಿಲೋ ತೂಗಬೇಕು ಎಂದರ್ಥವೇ ಹೊರತು ಕೈಯಿಂದ ಒತ್ತಿದಾಗ ಎಷ್ಟು ಗಟ್ಟಿ ಎಂಬುದಲ್ಲ. ಕೂರುವ ಭಾಗಕ್ಕೆ 40 ಬೇಕು, ಬೆನ್ನಿಗೆ 32 ಸಾಕು. ಆರು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡು ಎಂದರೆ ನಾಲ್ಕು ಘನ ಅಡಿ. 40 ಡೆನ್ಸಿಟಿಯದಾದರೆ ತಕ್ಕಡಿಯಲ್ಲಿ ಸುಮಾರು ನಾಲ್ಕೂವರೆ ಕಿಲೋ ತೋರಿಸಲೇಬೇಕು. ತೂಗಿಸಿಯೇ ಹಣ ಕೊಡಿ.

ಟಿವಿ ಯೂನಿಟ್ ಬೇಕೇ ಬೇಕೆಂದರೆ ಪಾರ್ಟಿಕಲ್ ಬೋರ್ಡಿನದ್ದನ್ನು ತರಬೇಡಿ. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆ ಅದು; ನೆಲ ಒರೆಸಿದ ನೀರು ಅಂಚಿಗೆ ತಾಗಿ ತಾಗಿ ಉಬ್ಬುತ್ತದೆ, ಒಮ್ಮೆ ಬಿಚ್ಚಿದ ಸ್ಕ್ರೂ ಎರಡನೆಯ ಸಲ ಅದೇ ತೂತಿನಲ್ಲಿ ಬಿಗಿಯಾಗಿ ನಿಲ್ಲುವುದಿಲ್ಲ. ಬಾಡಿಗೆ ಮನೆಯವರು ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವರಲ್ಲವೇ? ಪ್ಲೈವುಡ್ ಆದರೆ ಹಾಳೆಯ ಮೇಲಿನ ಐಎಸ್ (ಭಾರತೀಯ ಮಾನಕ) ಸಂಖ್ಯೆ ಓದಿ: 303 ಎಂದಿದ್ದರೆ ಹಾಲ್, ಕೋಣೆಗಳಿಗೆ ಸಾಕು, ನೀರು ತಾಗುವ ಕಡೆಗೆ 710.

ಮೂರನೇ ಮಹಡಿ

ಇಲ್ಲಿ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲೇಬೇಕು. ಹಳೆಯದೆಲ್ಲ ಚಿನ್ನ ಎಂಬ ಮಾತನ್ನು ನಂಬಿ ನಾವು ಎರಡು ವರ್ಷದ ಹಿಂದೆ ಒಂದು ಹಳೆಯ ಸೋಫಾವನ್ನು 7,000ಕ್ಕೆ ತಂದೆವು. ಮೂರನೆಯ ವಾರ ಮಗಳ ಕೈಕಾಲಿನ ಮೇಲೆ ಸಾಲಾಗಿ ಗಂಧೆಗಳೆದ್ದವು. ತಿಗಣೆ. ಸೋಫಾದಿಂದ ಹಾಸಿಗೆಗೆ, ಹಾಸಿಗೆಯಿಂದ ಪುಸ್ತಕದ ಕಪಾಟಿಗೆ ಹಬ್ಬಿ, ಔಷಧಿ ಸಿಂಪಡಿಸುವವರನ್ನು ಮೂರು ಸಲ ಕರೆಸಿದ್ದಕ್ಕೆ ಸೋಫಾದ ಬೆಲೆಗಿಂತ ಹೆಚ್ಚು ಖರ್ಚಾಯಿತು. ಇದಲ್ಲದೆ, ಹಳೆಯದನ್ನು ಉಜ್ಜಿ, ಪಾಲಿಶ್ ಮಾಡಿ, ಬಟ್ಟೆ ಹೊಲಿಸುವ ಕೆಲಸಕ್ಕೆ ದುಡಿಯುವ ದಂಪತಿಗೆ ಸಮಯವೆಲ್ಲಿದೆ? ಆ ಸಮಯಕ್ಕೂ ಬೆಲೆ ಕಟ್ಟಬೇಕು. ಸಾಧಾರಣ ಹೊಸ ಕಬ್ಬಿಣದ ದಿವಾನ ಕಾಟ್ ಒಂದನ್ನು ತಂದು ಮೇಲೆ ಹತ್ತಿ ಹಾಸಿಗೆ ಹಾಕಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ; ಊರಿನಿಂದ ನೆಂಟರು ಬಂದಾಗ ಮಲಗಲೂ ಆಗುತ್ತದೆ.

ಉಳಿ ಬಾಚಿ

ತಾವು ಹೇಳಿದ್ದು ಸತ್ಯ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಬಟ್ಟೆ ಮತ್ತು ಫೋಮ್ ಸಮೇತ ಹಳೆಯ ಸೋಫಾವನ್ನು ಎಂದೂ ಮನೆಯೊಳಗೆ ತರಬಾರದು. ಚೌಕಟ್ಟನ್ನು ಮಾತ್ರ ಕೊಳ್ಳಬೇಕು. ಕುಶನ್, ಅದರ ಕೆಳಗಿನ ಗೋಣಿ, ಪಟ್ಟಿ ಎಲ್ಲವನ್ನೂ ಅಂಗಡಿಯಲ್ಲೇ ಕಿತ್ತು ಬಿಸಾಡಿಸಿ. ತಿಗಣೆ ಅಡಗುವುದು ಕೂಡುಗಳ ಸಂದಿಯಲ್ಲಿ. ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಎರಡು ದಿನ ಕಡುಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಉಜ್ಜಿ ಪಾಲಿಶ್ ಮಾಡಿದರೆ ಸಂದಿಯೂ ಮುಚ್ಚುತ್ತದೆ. ತಾರಸಿಯ ಮೇಲೆ ಮಾಡುವ ಕೆಲಸವಿದು, ಹಾಲ್‌ನೊಳಗಲ್ಲ. ದಿವಾನದ ಸಲಹೆ ಒಳ್ಳೆಯದೇ ಆದರೂ ಅದಕ್ಕೆ ಕೈಗಳಿಲ್ಲ. ಮಂಡಿನೋವಿನ ಹಿರಿಯರು ಯಾವುದನ್ನು ಹಿಡಿದು ಏಳಬೇಕು?

ಧಾರವಾಡದ ಮೂಲಿಮನಿ

ತಂಗಿ, ಸೋಫಾದ ಮಾತನ್ನು ಗಂಡಸರು ಸಾಕಷ್ಟು ಆಡಿದ್ದಾರೆ. ನಾನು ಬಟ್ಟೆಯ ಮಾತಿಗೆ ಬರುತ್ತೇನೆ. ನಿಮ್ಮದು ಹಾವೇರಿ ಎಂದಮೇಲೆ ಅತ್ತೆಯವರ ಟ್ರಂಕಿನಲ್ಲಿ ಉಡದೆ ಇಟ್ಟ ಇಳಕಲ್ ಸೀರೆಗಳು ಎರಡಾದರೂ ಇರಬೇಕು. ಅವರನ್ನು ಕೇಳದೆ ಮುಟ್ಟಬೇಡಿ. ಅವರು ಒಪ್ಪಿದರೆ ಪರದೆಗೆ ಅದಕ್ಕಿಂತ ಒಳ್ಳೆಯ ಬಟ್ಟೆ ನಿಮಗೆ ಚಿಕ್ಕಪೇಟೆಯಲ್ಲೂ ಸಿಗುವುದಿಲ್ಲ.

ಲೆಕ್ಕ ಹೀಗಿದೆ. ಆರು ಗಜದ ಸೀರೆ ಎಂದರೆ ಸುಮಾರು 18 ಅಡಿ ಉದ್ದ, 45 ಇಂಚು ಅಗಲ. ನಿಮ್ಮ ಕಿಟಕಿ 4 ಅಡಿ ಅಗಲ, ಅಂದರೆ 48 ಇಂಚು. ಪರದೆಯ ಬಟ್ಟೆ ಕಿಟಕಿಯ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಮಾತ್ರ ನೆರಿಗೆ ಬೀಳುತ್ತದೆ, ಇಲ್ಲದಿದ್ದರೆ ಒಣಹಾಕಿದ ಪಂಚೆಯಂತೆ ಕಾಣುತ್ತದೆ. ಎರಡು ತುಂಡು ಸೇರಿದರೆ 90 ಇಂಚು, ಬರೋಬ್ಬರಿ ಆಯಿತು. 4 ಅಡಿ ಎತ್ತರದ ಕಿಟಕಿಗೆ ಮೇಲೆ ಕೆಳಗೆ ಬಿಟ್ಟು 5 ಅಡಿಯ ಪರದೆ ಬೇಕು. ಮಡಿಚಿ ಹೊಲಿಯಲು ಅರ್ಧ ಅಡಿ ಸೇರಿಸಿ ಎರಡು ತುಂಡಿಗೆ 11 ಅಡಿ ಹೋಗುತ್ತದೆ. ಉಳಿದ 7 ಅಡಿಯಲ್ಲಿ ಸೆರಗು ಸೇರಿರುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ನೂಲು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕತ್ತರಿ ಆ ಕೊಂಡಿಯ ಸಾಲಿನ ಮೇಲೆ ಬೀಳದಿರಲಿ. ಅದಕ್ಕಿಂತ ಒಂದು ಗೇಣು ಈಚೆಗೆ ಒಡಲಿನಲ್ಲಿ ಕತ್ತರಿಸಿ, ಟೋಪ ತೆನಿ ಎಂಬ ಕೆಂಪು ಬಿಳಿ ಚಿತ್ತಾರದ ಸೆರಗನ್ನು ದಿಂಬಿನ ಗವಸಿಗೆ ಇಟ್ಟುಕೊಳ್ಳಿ. ಸೀರೆಯನ್ನು ಹೀಗೆ ಅಡ್ಡಕ್ಕೆ ಕತ್ತರಿಸಿ ತೂಗುಹಾಕಿದಾಗ ದಡಿ ಪರದೆಯ ಎರಡೂ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ತಾನಾಗಿ ಇಳಿಯುತ್ತದೆ. ಬೇರೆ ಅಲಂಕಾರವೇ ಬೇಕಾಗುವುದಿಲ್ಲ.

ನಿಮ್ಮದು ಪಶ್ಚಿಮದ ಕಿಟಕಿ. ಬಿಸಿಲಿಗೆ ಬಣ್ಣ ಹೋಗುತ್ತದೆ, ರೇಷ್ಮೆ ಇದ್ದರೆ ಜೀರ್ಣವಾಗುತ್ತದೆ. ಆದ್ದರಿಂದ ಹಿಂದೆ ಬಿಳಿಯ ಮಲ್ಲಿನ ಬಟ್ಟೆಯ ಅಸ್ತರು ಕೊಡಿಸಲೇಬೇಕು. ಇನ್ನೊಂದು: ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಹೊಲಿಯಲು ಕೊಡುವ ಮೊದಲು ಬೆಳಕಿಗೆ ಹಿಡಿದು ನೋಡಿ.

ಉಡಲಾಗದಷ್ಟು ಜೀರ್ಣವಾದ ಸೀರೆಗಳಿಗೆ ಕೌದಿ ಇದ್ದೇ ಇದೆ. ಪದರದ ಮೇಲೆ ಪದರ ಹಾಕಿ, ಸುತ್ತಲಿಂದ ಒಳಕ್ಕೆ ಓಟದ ಹೊಲಿಗೆ ಹಾಕುತ್ತ ಬರುವ ಕೌದಿಯನ್ನು ನಮ್ಮ ಕಡೆ ಈಗಲೂ ಕೂಲಿಗೆ ಹೊಲಿದುಕೊಡುವವರಿದ್ದಾರೆ. ದಿವಾನದ ಮೇಲೆ ಹಾಸಿದರೆ ಅದೇ ಹಾಸು, ಮಗು ಆಡುವಾಗ ನೆಲಕ್ಕೆ ಹಾಸಿದರೆ ಅದೇ ಜಮಖಾನೆ. ನಿಜವಾದ ಜಮಖಾನೆಯೇ ಬೇಕೆಂದರೆ ನವಲಗುಂದದ್ದನ್ನು ಒಮ್ಮೆ ಕಣ್ಣಾರೆ ನೋಡಿ. ನಿಲುವು ಮಗ್ಗದ ಮೇಲೆ ಹೆಣ್ಣುಮಕ್ಕಳೇ ನೇಯುವ, ನವಿಲು, ಪಗಡೆ ಹಾಸಿನ ಚಿತ್ತಾರಗಳ ಹತ್ತಿ ಹಾಸು ಅದು.

ಮೂರನೇ ಮಹಡಿ

ಅಕ್ಕಾ, ನವಲಗುಂದದ ಜಮಖಾನೆಯ ಮೇಲೆ ನನಗೂ ಗೌರವವಿದೆ. ಆದರೆ ಕೈಯಲ್ಲಿ ನೇಯ್ದದ್ದಕ್ಕೆ ನೇಯ್ದವರ ದಿನಗೂಲಿ ಸಿಗಬೇಕೆಂದರೆ ಅದು ಅಗ್ಗವಾಗಿರಲು ಸಾಧ್ಯವಿಲ್ಲ. 40,000ದಲ್ಲಿ ಇಡೀ ಹಾಲ್ ಮುಗಿಸಬೇಕಾದವರಿಗೆ ಅದನ್ನು ಮಿತವ್ಯಯದ ಸಲಹೆ ಎಂದು ಹೇಳುವುದು ಸರಿಯಲ್ಲ. ನಾಲ್ಕು ವರ್ಷದ ಮಗು ಸಾರು ಚೆಲ್ಲುವ ವಯಸ್ಸಿನದು ಬೇರೆ.

ಧಾರವಾಡದ ಮೂಲಿಮನಿ

ಒಪ್ಪಿದೆ. "ಕಣ್ಣಾರೆ ನೋಡಿ" ಎಂದೆನೇ ಹೊರತು ಈಗಲೇ ಕೊಳ್ಳಿ ಎನ್ನಲಿಲ್ಲ. ಮಗು ದೊಡ್ಡದಾಗಲಿ. ಕೌದಿಯ ಮೇಲೆ ಸಾರು ಚೆಲ್ಲಿದರೆ ಒಗೆದರಾಯಿತು.

ಮನೆ ಮಾಲೀಕ

ನಾನು ನಿಮ್ಮ ಎದುರು ಪಕ್ಷದವನು. ರಾಜಾಜಿನಗರದಲ್ಲಿ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಮೊಳೆ ಬೇಡ ಎನ್ನುವುದಕ್ಕೆ ನಮಗೂ ಕಾರಣಗಳಿವೆ. ಕೋಣೆ ಕೋಣೆಗಳ ನಡುವಿನ ಗೋಡೆಗಳು ಬಹುತೇಕ ನಾಲ್ಕಿಂಚಿನ ಬ್ಲಾಕಿನವು. ಕೈಸುತ್ತಿಗೆಯಿಂದ ಮೊಳೆ ಹೊಡೆದರೆ ಎರಡೂ ಕಡೆಯ ಗಾರೆ ಬಿರುಕು ಬಿಡುತ್ತದೆ. ಒಬ್ಬ ಬಾಡಿಗೆದಾರರು ಗಡಿಯಾರ ತೂಗುಹಾಕಲು ಸ್ವಿಚ್‌ಬೋರ್ಡಿನ ನೇರ ಮೇಲೆ ಮೊಳೆ ಹೊಡೆದು ಒಳಗಿನ ವೈರನ್ನೇ ಚುಚ್ಚಿದ್ದರು. ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಸಾಮಾನ್ಯವಾಗಿ ವೈರಿನ ಪೈಪು ಹೋಗಿರುತ್ತದೆ ಎಂಬುದನ್ನು ಯಾರೂ ಮರೆಯಬಾರದು.

ಆದರೂ "ಮೊಳೆ ಹೊಡೆಯಬಹುದೇ" ಎಂದು ಕೇಳಿದರೆ ಯಾವ ಮಾಲೀಕನೂ ಬೇಡವೆಂದೇ ಹೇಳುತ್ತಾನೆ. "ಕಿಟಕಿಯ ಮೇಲೆ ಪರದೆಯ ರಾಡಿಗೆ ಎರಡು ಕಡೆ, ಉತ್ತರದ ಗೋಡೆಗೆ ಎರಡು ಕಡೆ ಡ್ರಿಲ್ ಮಾಡಿಸಿ ಪ್ಲಗ್ ಹಾಕಿಸುತ್ತೇವೆ, ಬಿಡುವಾಗ ಹಾಗೆಯೇ ಬಿಟ್ಟು ಹೋಗುತ್ತೇವೆ" ಎಂದು ಜಾಗ ತೋರಿಸಿ ಕೇಳಿ. ರಾಡು ಮುಂದಿನವರಿಗೂ ಉಪಯೋಗಕ್ಕೆ ಬರುವುದರಿಂದ ನಾನಂತೂ ಒಪ್ಪುತ್ತೇನೆ. ಒಪ್ಪಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಗೋಡೆಗೆ ಅಂಟಿಸುವ ಕೊಕ್ಕೆಗಳು ನಿರಪಾಯ ಎಂದು ಭಾವಿಸಬೇಡಿ. ಡಿಸ್ಟೆಂಪರ್ ಬಳಿದ ಗೋಡೆಯಿಂದ ಅವು ಬಣ್ಣದ ಪದರವನ್ನೇ ಎಬ್ಬಿಸಿಕೊಂಡು ಬರುತ್ತವೆ. ಒದ್ದೆ ಬೆರಳಿನಿಂದ ಗೋಡೆಯನ್ನು ಉಜ್ಜಿದಾಗ ಬೆರಳಿಗೆ ಬಿಳಿ ಹತ್ತಿದರೆ ಅದು ಡಿಸ್ಟೆಂಪರ್.

ಕರೆಂಟು ಕೆಲಸ

ಯಾರೂ ದೀಪದ ಮಾತೆತ್ತಲಿಲ್ಲ. ನನ್ನ ಅನುಭವದಲ್ಲಿ ಹಾಲ್ ಕೆಟ್ಟದಾಗಿ ಕಾಣುವುದಕ್ಕೆ ಅರ್ಧ ಕಾರಣ ಗೋಡೆಯ ನೆತ್ತಿಯಲ್ಲಿರುವ ಒಂದೇ ಒಂದು ಟ್ಯೂಬ್‌ಲೈಟು. ಅದು ಸಾಮಾನ್ಯವಾಗಿ 6500 ಕೆಲ್ವಿನ್‌ನ ನೀಲಿಬಿಳಿ ಬೆಳಕು. ಓದುಬರಹಕ್ಕೆ, ಕಸ ಗುಡಿಸುವುದಕ್ಕೆ ಅದು ಬೇಕು, ಕಿತ್ತುಹಾಕಬೇಡಿ. ಆದರೆ ಸಂಜೆ ಏಳರ ನಂತರ ಕೂತು ಮಾತಾಡುವುದಕ್ಕೆ ಬೇರೆ ದೀಪ ಬೇಕು. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್, ಅಂದರೆ ವಾರ್ಮ್ ವೈಟ್ ಎಂದು ಬರೆದಿರುವುದನ್ನು ಕೇಳಿ ತನ್ನಿ. 9 ವ್ಯಾಟ್ ಎಲ್‌ಇಡಿ ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಹೋಲ್ಡರ್, ಮೂರು ಮೀಟರ್ ವೈರು, ನಡುವೆ ಒಂದು ಸ್ವಿಚ್, ಕೊನೆಗೆ ಪ್ಲಗ್ಗು: ಇಷ್ಟೂ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತವೆ.

ದೀಪದ ಕವಚಕ್ಕೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ನೋಡಿ. ಶಿವಾಜಿನಗರದ ಬ್ಯಾಂಬೂ ಬಜಾರ್‌ನಲ್ಲೋ ನಿಮ್ಮ ಊರಿನ ಸಂತೆಯಲ್ಲೋ ಹೂವಿನ ಬುಟ್ಟಿ ಸಿಗುತ್ತದೆ. ತಳದ ನಡುವೆ ಹೋಲ್ಡರ್ ಹಿಡಿಯುವಷ್ಟು ತೂತು ಮಾಡಿದರೆ ಮುಗಿಯಿತು. ತಂತಿಯ ಬಲ್ಬಿನ ಕಾಲದಲ್ಲಿ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಬುಟ್ಟಿ ಸೀದುಹೋಗುತ್ತಿತ್ತು. ಎಲ್‌ಇಡಿಯ ಬಿಸಿ ಕಡಿಮೆ. ಆದರೂ ಬಿದಿರು ಬಲ್ಬಿಗೆ ತಾಗದಂತೆ ನಾಲ್ಕು ಬೆರಳು ಅಂತರವಿರಲಿ, ವೈರು ಮಗುವಿನ ಕೈಗೆ ಎಟುಕದಿರಲಿ. ಬುಟ್ಟಿಯ ಹೆಣಿಗೆಯ ನೆರಳು ಖಾಲಿ ಗೋಡೆಯ ಮೇಲೆ ಬೀಳುವಂತೆ ತೂಗುಹಾಕಿದರೆ ಆ ಗೋಡೆಗೆ ಚಿತ್ರಪಟವೇ ಬೇಡ.

ಕುಂದಾಪುರ ಮಳೆ

ಮೇಲಿನ ಸಲಹೆಗಳನ್ನು ಕರಾವಳಿಯವರೂ ಮಲೆನಾಡಿನವರೂ ಹಾಗೆಯೇ ಪಾಲಿಸಬಾರದು. ನಮ್ಮಲ್ಲಿ ಜೂನ್ ಬಂತೆಂದರೆ ಬಿದಿರಿನ ಬುಟ್ಟಿಗೆ ಬೂಷ್ಟು ಹಿಡಿಯುತ್ತದೆ, ಕೌದಿ ಮೂರು ತಿಂಗಳು ಒಣಗುವುದಿಲ್ಲ, ಗೋಡೆಗೆ ಒತ್ತಿ ಇಟ್ಟ ಸೋಫಾದ ಬೆನ್ನು ಕಪ್ಪಾಗುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಇಲ್ಲಿ ಕಬ್ಬಿಣಕ್ಕಿಂತ ಬೆತ್ತ, ಬೆತ್ತಕ್ಕಿಂತ ಹಲಸಿನ ಮರ ಲೇಸು.

ಹಾವೇರಿ ಸೊಸೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಎಲ್ಲ ಸಲಹೆಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಎಲ್ ಸೋಫಾದ ಪತ್ರಿಕೆಯ ನಕಾಶೆ ಎರಡು ದಿನ ನೆಲದ ಮೇಲಿತ್ತು. ಎರಡನೆಯ ದಿನ ರಾತ್ರಿ ಅವರೇ ನೀರು ಕುಡಿಯಲು ಎದ್ದು ಹೋಗುವಾಗ ಕಾಗದದ ಸೋಫಾವನ್ನು ತುಳಿದು, ಮಾತಾಡದೆ ಅದನ್ನು ಮಡಿಚಿಟ್ಟರು.

ಹಳೆಯ ಮನೆಯೊಂದನ್ನು ಖಾಲಿ ಮಾಡುತ್ತಿದ್ದವರಿಂದ ಮೂರು ಜನ ಕೂರುವ ಹೊನ್ನೆಯ ಸೋಫಾ ಮತ್ತು ಎರಡು ಒಂಟಿ ಕುರ್ಚಿಗಳು 13,500ಕ್ಕೆ ಸಿಕ್ಕವು. ತಲೆಕೆಳಗೆ ಮಾಡಿ ನೋಡುತ್ತೇನೆ ಎಂದಾಗ ಅವರು ನಕ್ಕರು. ಒಂದು ಕುರ್ಚಿಯ ಕಾಲಿನಲ್ಲಿ ಕುಟ್ಟೆಯ ಪುಡಿ ಕಂಡಿದ್ದರಿಂದಲೇ 15,000 ಇದ್ದದ್ದು ಅಷ್ಟಕ್ಕೆ ಇಳಿಯಿತು. ಆ ಕಾಲನ್ನು ಬಡಗಿ ಬದಲಿಸಿಕೊಟ್ಟರು. ಕುಶನ್ನುಗಳನ್ನೆಲ್ಲ ಅಲ್ಲೇ ಬಿಟ್ಟು ಚೌಕಟ್ಟನ್ನು ಮಾತ್ರ ತಂದೆವು. ಸಾಗಣೆಗೆ 1,200, ಬಡಗಿಯ ಒಂದೂವರೆ ದಿನದ ಕೆಲಸಕ್ಕೆ 1,800, ಉಜ್ಜುವ ಕಾಗದ ಮತ್ತು ಪಾಲಿಶ್‌ಗೆ 900 ಆಯಿತು. ತಾರಸಿಯ ಮೇಲೆ ಉಜ್ಜಿದ್ದು ನಾವಿಬ್ಬರೇ, ಮೂರು ಭಾನುವಾರ. ಮೂರನೇ ಮಹಡಿಯವರು ಹೇಳಿದಂತೆ ಆ ಸಮಯಕ್ಕೆ ಬೆಲೆ ಕಟ್ಟಿದರೆ ಹೊಸ ಸೋಫಾ ಬರುತ್ತಿತ್ತೇನೋ, ಭುಜನೋವು ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು.

ಫೋಮ್ ಅಂಗಡಿಯ ಕಥೆ ಹೇಳಲೇಬೇಕು. 40 ಡೆನ್ಸಿಟಿ ಎಂದು ಕೊಟ್ಟ ಆರಡಿಯ ತುಂಡನ್ನು ತೂಗಿ ಎಂದೆ. ತಕ್ಕಡಿ ಇಲ್ಲವೆಂದರು. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಅದನ್ನು ಸುರುಳಿ ಸುತ್ತಿ ಇಟ್ಟಾಗ 3 ಕಿಲೋ 400 ಗ್ರಾಂ ಬಂತು. ನಾನು ಫೋನಿನಲ್ಲಿ ಲೆಕ್ಕ ಮಾಡಿ, ಇದು 30 ಡೆನ್ಸಿಟಿ ಎಂದೆ. ಅಂಗಡಿಯವರು ವಾದಿಸಲಿಲ್ಲ, ಒಳಗೆ ಹೋಗಿ ಬೇರೆ ತುಂಡು ತಂದರು. ಅದು ನಾಲ್ಕೂವರೆ ಕಿಲೋ ಇತ್ತು. ಉಳಿ ಬಾಚಿಯವರಿಗೆ ನಮ್ಮ ಮನೆಯಲ್ಲಿ ಯಾವಾಗ ಬಂದರೂ ಊಟವಿದೆ. ಫೋಮ್, ಬಟ್ಟೆ, ಹೊಲಿಗೆ ಸೇರಿ 5,600.

ಪರದೆಯ ವಿಷಯದಲ್ಲಿ ಮೂಲಿಮನಿ ಅಕ್ಕ ಹೇಳಿದ ಎಚ್ಚರಿಕೆಯನ್ನು ಅರ್ಧ ಮಾತ್ರ ಪಾಲಿಸಿದೆ. ಅತ್ತೆಯವರು ತಾವಾಗಿಯೇ ಎರಡು ಸೀರೆ ತೆಗೆದುಕೊಟ್ಟರು. ಹಸಿರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ, ದಾಳಿಂಬೆ ಬಣ್ಣದ್ದನ್ನು ನೋಡಲಿಲ್ಲ. ಅದು ತೂಗುಹಾಕಿದ ನಾಲ್ಕನೆಯ ದಿನ ಮಡಿಕೆಯ ಗೆರೆಯಲ್ಲಿ ಒಂದು ಮೊಳ ಸೀಳಿತು. ಅದು ಅತ್ತೆಯವರ ತವರಿನವರು ಮದುವೆಗೆ ಕೊಟ್ಟ ಸೀರೆಯಂತೆ, ಆಮೇಲೆ ಗೊತ್ತಾಯಿತು. ಅವರು ಏನೂ ಅನ್ನಲಿಲ್ಲ. ಈಗ ಅದನ್ನೂ ಸೇರಿಸಿ ಕೌದಿ ಹೊಲಿಯಲು ಊರಿಗೆ ಕಳಿಸಿದ್ದೇವೆ. ಹಸಿರು ಸೀರೆಯ ಎರಡು ಪರದೆಗಳು ಕಿಟಕಿಯಲ್ಲಿವೆ. ಅಸ್ತರು, ಹೊಲಿಗೆ, ರಾಡು ಸೇರಿ 2,100. ಮಾಲೀಕರ ಧಾಟಿಯಲ್ಲೇ ಜಾಗ ತೋರಿಸಿ ಕೇಳಿದ್ದಕ್ಕೆ ನಮ್ಮ ಮಾಲೀಕರು ಎರಡು ನಿಮಿಷದಲ್ಲಿ ಒಪ್ಪಿದರು.

ಉಳಿದದ್ದು ಸಣ್ಣಪುಟ್ಟದ್ದು: ಕೈಮಗ್ಗದ್ದಲ್ಲದ ಸಾದಾ ಹತ್ತಿಯ ಹಾಸು 1,100, ಬುಟ್ಟಿಯ ದೀಪ 650, ಗುಜರಿಯಿಂದ ತಂದು ಬಣ್ಣ ಬಳಿದ ಕಬ್ಬಿಣದ ರ‍್ಯಾಕ್ 1,800, ಪಾಟರಿ ಟೌನಿನಿಂದ ತಂದ ಎರಡು ಮಣ್ಣಿನ ಕುಂಡ ಮತ್ತು ಗಿಡಗಳಿಗೆ 400. ಒಟ್ಟು 29,050. ಟಿವಿ ಆ ರ‍್ಯಾಕಿನ ಮೇಲೆಯೇ ಇದೆ. ಟೀಪಾಯಿ ಇನ್ನೂ ಕೊಂಡಿಲ್ಲ. ನೆಂಟರು ಬಂದಾಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಟ್ಟೆ ಇಡುತ್ತೇವೆ.

ಅಳತೆ ಟೇಪು

ಬಹಳ ಸಂತೋಷವಾಯಿತು, ತಾಯಿ. ಉಳಿದ 10,950 ಅನ್ನು ಟೀಪಾಯಿಗೆ ಅವಸರದಲ್ಲಿ ಖರ್ಚು ಮಾಡಬೇಡಿ. ದಸರೆಗೆ ಗೊಂಬೆ ಕೂರಿಸುವವರಾದರೆ ಬಿಚ್ಚಿ ಜೋಡಿಸುವಂತಹ ಮೂರು ಮೆಟ್ಟಿಲನ್ನು ಮಾಡಿಸಿ, ಉಳಿದ ದಿನ ಅದೇ ಪುಸ್ತಕದ ಗೂಡಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಇದೆ. ಒಂದು ಮಾತು ಕೇಳುವುದಿತ್ತು: ಕೂರುವ ಎತ್ತರ ಕೊನೆಗೆ ಎಷ್ಟು ಬಂತು?

ಹಾವೇರಿ ಸೊಸೆ

ಹೊಸ ಫೋಮ್ ಸೇರಿ 17 ಇಂಚು ಬಂತು ಸರ್. ಬಡಗಿ ಒಂದೂವರೆ ಇಂಚಿನ ಗುಟ್ಟ ಕೊಟ್ಟ ಮೇಲೆ ಹದಿನೆಂಟೂವರೆ. ಆದರೆ ಅತ್ತೆಯವರು ಸೋಫಾದ ಮೇಲೆ ಕೂರುವುದೇ ಇಲ್ಲ. ಕಿಟಕಿಯ ಪಕ್ಕದ ಒಂಟಿ ಕುರ್ಚಿಯನ್ನು ಹಿಡಿದುಬಿಟ್ಟಿದ್ದಾರೆ. ಅಲ್ಲಿಂದ ರಸ್ತೆ ಕಾಣುತ್ತದಂತೆ. ಮೊನ್ನೆಯಿಂದ ಆ ಒಂದು ಕುರ್ಚಿಗೂ ಗುಟ್ಟ ಹಾಕಿಸಿದ್ದೇವೆ.